ಆ್ಯಕ್ಟಿವ್ ಎಂಬ ಹಗಲುವೇಷಗಾರ

2020ರಲ್ಲಿ ಪತ್ರಿಕೆಗಳು ದಿನವೂ ಒಂದು ಲೆಕ್ಕ ಪ್ರಕಟಿಸುತ್ತಿದ್ದವು. ಜಿಲ್ಲೆಯಲ್ಲಿ ಒಟ್ಟು ಕೊರೊನಾ ಸೋಂಕಿತರು ಇಷ್ಟು, ಗುಣಮುಖರಾದವರು ಇಷ್ಟು, ಮೃತಪಟ್ಟವರು ಇಷ್ಟು, ಸಕ್ರಿಯ ಪ್ರಕರಣಗಳು ಇಷ್ಟು. ಟಿ.ವಿ.ಯವರು ಇದನ್ನೇ ‘ಆ್ಯಕ್ಟಿವ್ ಕೇಸ್’ ಎಂದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಳ್ಳಿಗಳ ಕಟ್ಟೆಗಳ ಮೇಲೂ ಆ ಮಾತು ಓಡಾಡಿತು. ವಿಚಿತ್ರ ನೋಡಿ: ಆಸ್ಪತ್ರೆಯ ಮಂಚದ ಮೇಲೆ ಆಮ್ಲಜನಕದ ನಳಿಕೆ ಹಾಕಿಸಿಕೊಂಡು ಮಲಗಿದವನು ಆ್ಯಕ್ಟಿವ್, ಗುಣವಾಗಿ ಬಂದು ಕುಂಟೆ ಹೊತ್ತು ಹೊಲಕ್ಕೆ ಹೊರಟವನು ಆ್ಯಕ್ಟಿವ್ ಅಲ್ಲ!

ಇದರಲ್ಲಿ ತಪ್ಪೇನೂ ಇರಲಿಲ್ಲ. ಅಲ್ಲಿ ಆ್ಯಕ್ಟಿವ್ ಎಂಬ ವಿಶೇಷಣ ಸೇರಿದ್ದು ಮನುಷ್ಯನಿಗಲ್ಲ, ಪ್ರಕರಣಕ್ಕೆ. ಒಟ್ಟು ಪ್ರಕರಣಗಳಲ್ಲಿ ಗುಣವಾದವರನ್ನೂ ತೀರಿಕೊಂಡವರನ್ನೂ ಕಳೆದರೆ ಉಳಿಯುವುದು ಇನ್ನೂ ಮುಗಿಯದ ಪ್ರಕರಣಗಳು. ತಾಲ್ಲೂಕು ಕಚೇರಿಯಲ್ಲಿ ಇನ್ನೂ ಕಟ್ಟಿಡದ ಕಡತ ಇರುತ್ತದಲ್ಲ, ಹಾಗೆ. ಇಲ್ಲಿ ಆ್ಯಕ್ಟಿವ್ ಎಂಬುದರ ವಿರುದ್ಧ ಪದ ‘ಸೋಮಾರಿ’ ಅಲ್ಲ, ‘ಮುಗಿದದ್ದು’.

ಹಗಲುವೇಷದವರು ಊರಿಗೆ ಬಂದರೆ ಒಬ್ಬನೇ ಕಲಾವಿದ ಇಂದು ರಾಮನಾಗುತ್ತಾನೆ, ನಾಳೆ ಭೀಮನಾಗುತ್ತಾನೆ. ವೇಷ ಯಾವುದೆಂದು ಗೊತ್ತಾಗದ ಮಗು ಎದುರಿಗೆ ನಿಂತ ಪಾತ್ರವನ್ನು ನೋಡಿದರೆ ಸಾಕು. ಎದುರಿಗೆ ರಾವಣನಿದ್ದರೆ ಇವನು ರಾಮ, ದುರ್ಯೋಧನನಿದ್ದರೆ ಭೀಮ. ಆ್ಯಕ್ಟಿವ್ ಪದದ ರೀತಿಯೂ ಇದೇ. ವ್ಯಾಕರಣದಲ್ಲಿ ಒಂದು ವೇಷ, ವಿದ್ಯುತ್ತಿನಲ್ಲಿ ಇನ್ನೊಂದು, ಔಷಧದ ಬಾಟಲಿಯ ಮೇಲೆ ಮತ್ತೊಂದು. ‘ಇಲ್ಲಿ ಇದರ ವಿರುದ್ಧ ಪದ ಯಾವುದು?’ ಎಂದು ಕೇಳಿಕೊಂಡರೆ ಅರ್ಥ ತಾನಾಗಿ ಬಿಚ್ಚಿಕೊಳ್ಳುತ್ತದೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ವಿಜ್ಞಾನ ಓದಿ, ಪಿ.ಯು.ಸಿ.ಯಲ್ಲಿ ಒಮ್ಮೆಲೇ ಇಂಗ್ಲಿಷ್ ಪುಸ್ತಕ ಹಿಡಿಯುವ ವಿದ್ಯಾರ್ಥಿಗೆ ಈ ಒಂದು ಪ್ರಶ್ನೆ ದೊಡ್ಡ ಆಸರೆ. ಮನೆಯಲ್ಲಿ ಕೆಲವೊಮ್ಮೆ ಬೆಳೆಯನ್ನೂ ಜೀವವನ್ನೂ ಉಳಿಸಬಲ್ಲ ಪ್ರಶ್ನೆಯೂ ಹೌದು.

ಮೊದಲು ಪದದ ಮೂಲ. ಲ್ಯಾಟಿನ್ ಭಾಷೆಯಲ್ಲಿ ‘ಅಗೆರೆ’ ಎಂದರೆ ನಡೆಸು, ಮಾಡು. ಆ್ಯಕ್ಟ್, ಆ್ಯಕ್ಷನ್, ಆ್ಯಕ್ಟರ್, ಏಜೆಂಟ್, ಸಭೆಗಳಲ್ಲಿ ಕೇಳಿಬರುವ ಅಜೆಂಡಾ, ಎಲ್ಲವೂ ಅದೇ ಬೇರಿನ ಚಿಗುರು. 14ನೆಯ ಶತಮಾನದಲ್ಲಿ ಆ್ಯಕ್ಟಿವ್ ಇಂಗ್ಲಿಷಿಗೆ ಬಂದಾಗ ಅದರ ಎದುರಿಗೆ ನಿಂತದ್ದು ಸೋಮಾರಿತನವಲ್ಲ, ಧ್ಯಾನ! ಯುರೋಪಿನ ಕ್ರೈಸ್ತ ಮಠಗಳಲ್ಲಿ ಬಾಳಿಗೆ ಎರಡು ದಾರಿಗಳೆಂದು ಎಣಿಸುತ್ತಿದ್ದರು. ಲೋಕದ ಕೆಲಸದಲ್ಲಿ ತೊಡಗುವುದು ಒಂದು, ಏಕಾಂತದಲ್ಲಿ ದೇವರನ್ನು ನೆನೆಯುವುದು ಇನ್ನೊಂದು. ಅದಕ್ಕೂ ಮೊದಲು, 12ನೆಯ ಶತಮಾನದಲ್ಲಿ, ಬಸವನ ಬಾಗೇವಾಡಿಯ ನೆಲದಿಂದ ಹೊರಟ ಬಸವಣ್ಣ ಮತ್ತು ಅವರ ಸಂಗಡದ ಶರಣರು ಕಾಯಕದ ತತ್ವದಲ್ಲಿ ಈ ಎರಡನ್ನೂ ಒಂದು ಮಾಡಿದ್ದರು. ದುಡಿಮೆ ಬೇರೆ, ಪೂಜೆ ಬೇರೆ ಎನ್ನದ ಆ ಕಣ್ಣಿಗೆ ಇಂಗ್ಲಿಷಿನ ಈ ಮೊದಲ ಜೋಡಿ ವಿರುದ್ಧ ಪದಗಳಾಗಿಯೇ ಕಾಣುತ್ತಿರಲಿಲ್ಲ. ವಿರುದ್ಧ ಪದಗಳೂ ಆಯಾ ಕಾಲದ, ಆಯಾ ನಾಡಿನ ವಿಚಾರದಿಂದ ಹುಟ್ಟುತ್ತವೆ ಎಂಬುದಕ್ಕೆ ಇದೊಂದು ಸಾಕ್ಷಿ.

ಶಾಲೆಯಲ್ಲಿ ಮಕ್ಕಳಿಗೆ ಈ ಪದದ ಪರಿಚಯ ಸಾಮಾನ್ಯವಾಗಿ ವ್ಯಾಕರಣದಲ್ಲಿ ಆಗುತ್ತದೆ: ಆ್ಯಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್. ಕನ್ನಡದಲ್ಲಿ ಇವು ಕರ್ತರಿ ಮತ್ತು ಕರ್ಮಣಿ ಪ್ರಯೋಗಗಳು. ‘ರೈತನು ಹೊಲವನ್ನು ಉತ್ತನು’ ಎಂಬುದು ಕರ್ತರಿ. ‘ರೈತನಿಂದ ಹೊಲವು ಉಳಲ್ಪಟ್ಟಿತು’ ಎಂಬುದು ಕರ್ಮಣಿ. ಎತ್ತಿನ ಬೆವರು ಎರಡರಲ್ಲೂ ಅಷ್ಟೇ. ಬದಲಾದದ್ದು ವಾಕ್ಯದ ಮುಂದಾಳು ಮಾತ್ರ. ‘ಹುಡುಗನು ನಿದ್ರೆ ಮಾಡಿದನು’ ಎಂಬ ವಾಕ್ಯದಲ್ಲಿ ಚಟುವಟಿಕೆ ಏನೂ ಇಲ್ಲ. ಆದರೂ ಅದು ಕರ್ತರಿಯೇ. ಇಲ್ಲಿಯ ವಿರುದ್ಧ ಪದ ಪ್ಯಾಸಿವ್, ಎಂದರೆ ಕ್ರಿಯೆಗೆ ಒಳಗಾಗುವುದು.

ಈಗ ಪುಸ್ತಕ ಮುಚ್ಚಿ ಕೃಷ್ಣೆಯ ದಂಡೆಗೆ ಹೋಗೋಣ. ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದು ಈಗ ನಿಡಗುಂದಿ ತಾಲ್ಲೂಕಿಗೆ ಸೇರಿರುವ ಆಲಮಟ್ಟಿಯ ಜಲಾಶಯ 519.60 ಮೀಟರ್ ಮಟ್ಟಕ್ಕೆ ತುಂಬಿದಾಗ ಅದರಲ್ಲಿ 123.08 ಟಿ.ಎಂ.ಸಿ. ನೀರಿರುತ್ತದೆ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಅಷ್ಟೂ ನೀರು ಬಳಕೆಗೆ ಬರುವುದಿಲ್ಲ. ಕಾಲುವೆ, ತೂಬುಗಳ ಮಟ್ಟಕ್ಕಿಂತ ಕೆಳಗೆ ಉಳಿಯುವ ನೀರಿಗೆ ಎಂಜಿನಿಯರುಗಳು ‘ಡೆಡ್ ಸ್ಟೋರೇಜ್’ ಎನ್ನುತ್ತಾರೆ. ಅದರ ಮೇಲಿನ, ಹರಿಸಬಹುದಾದ ನೀರು ‘ಲೈವ್’ ಅಥವಾ ‘ಆ್ಯಕ್ಟಿವ್ ಸ್ಟೋರೇಜ್’. ಡೆಡ್ ನೀರಿನಲ್ಲೂ ಮೀನು ಸುಖವಾಗಿ ಈಜುತ್ತವೆ. ಅದು ಸತ್ತಿರುವುದು ಕಾಲುವೆಯ ಲೆಕ್ಕಕ್ಕೆ ಮಾತ್ರ. ‘ಜಲಾಶಯದಲ್ಲಿ ಇನ್ನೂ ಇಷ್ಟು ನೀರಿದೆಯಲ್ಲ, ಯಾಕೆ ಬಿಡುವುದಿಲ್ಲ?’ ಎಂದು ಬೇಸಿಗೆಯಲ್ಲಿ ಕೇಳುವವರಿಗೆ ಅರ್ಧ ಉತ್ತರ ಈ ಎರಡು ಪದಗಳಲ್ಲಿದೆ.

ಅದೇ ಆಲಮಟ್ಟಿಯ ವಿದ್ಯುದಾಗಾರದ ಸಾಮರ್ಥ್ಯ 290 ಮೆಗಾವಾಟ್. ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ ಕಲ್ಲಿದ್ದಲಿನಿಂದ ನಡೆಯುವ ಸ್ಥಾವರದಲ್ಲಿ ತಲಾ 800 ಮೆಗಾವಾಟಿನ 3 ಘಟಕಗಳಿವೆ. ಒಟ್ಟು 2400 ಮೆಗಾವಾಟ್. ಈ ಮೆಗಾವಾಟ್ ಎಂಬುದು ‘ಆ್ಯಕ್ಟಿವ್ ಪವರ್’ ಅಳೆಯುವ ಮಾನ. ಇದರ ಎದುರಾಳಿ ಯಾರು? ‘ರಿಯಾಕ್ಟಿವ್ ಪವರ್’.

ಬಾವಿಯಿಂದ ನೀರು ಸೇದುವುದನ್ನು ನೆನೆಸಿಕೊಂಡರೆ ಇದು ತಿಳಿಯುತ್ತದೆ. ಕೊಡದಲ್ಲಿ ಮೇಲೆ ಬಂದ ನೀರು ಹಂಡೆ ಸೇರುತ್ತದೆ. ಅದು ನಿಜವಾದ ಗಳಿಕೆ. ಆದರೆ ಹಗ್ಗ ಮತ್ತು ಬರಿಗೊಡದ ಭಾರವೂ ಪ್ರತಿ ಸಲ ಮೇಲೆ ಬರುತ್ತದೆ, ಮತ್ತೆ ಕೆಳಗೆ ಹೋಗುತ್ತದೆ. ಅದು ಹಂಡೆಗೆ ಬೀಳುವುದಿಲ್ಲ. ಹಾಗೆಂದು ಹಗ್ಗವಿಲ್ಲದೆ ನೀರೂ ಬರುವುದಿಲ್ಲ. ಪಂಪ್‌ಸೆಟ್ಟಿನ ಮೋಟಾರಿನೊಳಗೆ ಕಾಂತಕ್ಷೇತ್ರ ಉಂಟಾಗಬೇಕು. ಅದಕ್ಕೆ ಬೇಕಾದ ಶಕ್ತಿ ತಂತಿಯಲ್ಲಿ ಹೀಗೆಯೇ ಬರುತ್ತ ಹೋಗುತ್ತ ಇರುತ್ತದೆ. ನೀರೆತ್ತುವುದು ಆ್ಯಕ್ಟಿವ್ ಪವರ್. ಹೋಗಿ ಬರುವುದು ರಿಯಾಕ್ಟಿವ್ ಪವರ್. ಒಂದೇ ಟಿ.ಸಿ.ಯಿಂದ ಹತ್ತಾರು ಪಂಪ್‌ಸೆಟ್ಟುಗಳು ಒಮ್ಮೆಗೇ ನಡೆದರೆ ಹಗ್ಗದ ಭಾರವೂ ಕೂಡಿ ತಂತಿಯಲ್ಲಿ ಕರೆಂಟು ಹೆಚ್ಚುತ್ತದೆ, ವೋಲ್ಟೇಜ್ ಇಳಿಯುತ್ತದೆ, ಟಿ.ಸಿ. ಕಾಯುತ್ತದೆ. ಮೋಟಾರಿಗೆ ತಕ್ಕ ಕೆಪ್ಯಾಸಿಟರ್ ಜೋಡಿಸಿದರೆ ಆ ಹೋಗಿ ಬರುವ ಶಕ್ತಿಯ ಬಹುಪಾಲು ಅಲ್ಲಿಯೇ ಸಿಗುತ್ತದೆ. ದೂರದ ತಂತಿಗೆ ಭಾರ ತಪ್ಪುತ್ತದೆ. ಮನೆಯಲ್ಲಿ ಪಿ.ಯು.ಸಿ. ವಿಜ್ಞಾನ ಓದುವ ಮಗ ಅಥವಾ ಮಗಳು ಇದ್ದರೆ ‘ಪವರ್ ಫ್ಯಾಕ್ಟರ್’ ಎಂಬ ಪಾಠವನ್ನು ತಂದೆಗೆ ತೋಟದಲ್ಲಿಯೇ ವಿವರಿಸಬಹುದು.

ಇಲ್ಲಿ ವಿದ್ಯಾರ್ಥಿಗಳು ಎಡವುವ ಒಂದು ಕಲ್ಲು ಇದೆ. ವಿದ್ಯುತ್ತಿನಲ್ಲಿ ಆ್ಯಕ್ಟಿವ್ ಮತ್ತು ರಿಯಾಕ್ಟಿವ್ ಎದುರಾಳಿಗಳು. ರಸಾಯನಶಾಸ್ತ್ರದ ಕೊಠಡಿಗೆ ಹೋದರೆ ಅವೆರಡೂ ಅಣ್ಣತಮ್ಮಂದಿರು! ಸೋಡಿಯಂ, ಪೊಟ್ಯಾಸಿಯಂಗಳನ್ನು ಆ್ಯಕ್ಟಿವ್ ಲೋಹ ಎಂದರೂ ರಿಯಾಕ್ಟಿವ್ ಲೋಹ ಎಂದರೂ ಒಂದೇ. ಅವು ನೀರಿಗೆ ಬಿದ್ದೊಡನೆ ವರ್ತಿಸಿ ಹೈಡ್ರೋಜನ್ ಬಿಡುತ್ತವೆ. ಲೋಹಗಳ ಕ್ರಿಯಾಶೀಲತೆಯ ಸರಣಿಯಲ್ಲಿ ಅವು ಮೇಲೆ, ಚಿನ್ನ ಕೆಳಗೆ. ಅಜ್ಜಿಯ ಕಾಲದ ಬೋರಮಾಳ ಸರ ಇಂದಿಗೂ ಹೊಳೆಯುವುದು ಚಿನ್ನ ಆ್ಯಕ್ಟಿವ್ ಅಲ್ಲ ಎಂಬ ಕಾರಣಕ್ಕೆ. ಇಲ್ಲಿಯ ವಿರುದ್ಧ ಪದ ‘ನೋಬಲ್’, ಕನ್ನಡದಲ್ಲಿ ‘ರಾಜಲೋಹ’. ಚುರುಕಿಲ್ಲದಿರುವುದೇ ಇಲ್ಲಿ ರಾಜಯೋಗ!

ಇಂಡಿ ತಾಲ್ಲೂಕು ಲಿಂಬೆಗೆ ಹೆಸರಾದದ್ದು, ದ್ರಾಕ್ಷಿಯೂ ಇದೆ. ತೋಟದ ಮನೆಯ ಮೂಲೆಯಲ್ಲಿ ಕೀಟನಾಶಕ, ಶಿಲೀಂಧ್ರನಾಶಕಗಳ ಬಾಟಲಿ, ಪೊಟ್ಟಣಗಳಿರುತ್ತವೆ. ಅವುಗಳ ಚೀಟಿಯ ಮೇಲೆ ‘ಆ್ಯಕ್ಟಿವ್ ಇಂಗ್ರೀಡಿಯೆಂಟ್’ ಎಂದು ಬರೆದು ಶೇಕಡಾ ಪ್ರಮಾಣ ಕೊಟ್ಟಿರುತ್ತಾರೆ. ಕೀಟವನ್ನು ಕೊಲ್ಲುವ ಅಂಶ ಅದು. ಇನ್ನುಳಿದದ್ದು ಅದನ್ನು ಹೊತ್ತೊಯ್ಯುವ ದ್ರಾವಕ, ಪುಡಿ, ಅಂಟು. ವಿರುದ್ಧ ಪದ ಇಲ್ಲಿ ‘ಇನರ್ಟ್’, ಜಡ.

ಲೆಕ್ಕ ಮಾಡಿ ನೋಡಿ. ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಶೇ 17.8ರ ದ್ರವವಾಗಿಯೂ ಸಿಗುತ್ತದೆ, ಶೇ 70ರ ಹರಳಾಗಿಯೂ ಸಿಗುತ್ತದೆ. ಹೆಸರು ಒಂದೇ, ಬಲ ಸುಮಾರು ನಾಲ್ಕು ಪಟ್ಟು. ಹಳೆಯ ಮುಚ್ಚಳದ ಅಳತೆಯಲ್ಲಿಯೇ ಹೊಸದನ್ನೂ ಹಾಕಿದರೆ ಗಿಡಕ್ಕೂ ಜೇನಿಗೂ ಸಿಂಪಡಿಸುವವರಿಗೂ ಕೇಡು. ಶೇಕಡಾವಾರು ಲೆಕ್ಕ ಕಲಿತ ಏಳನೆಯ ತರಗತಿಯ ಮಗು ಚೀಟಿ ಓದಿ ಈ ತಪ್ಪು ತಪ್ಪಿಸಬಲ್ಲದು. ಇನ್ನೊಂದು ಎಚ್ಚರ: ಜಡ ಎಂದರೆ ನಿರಪಾಯ ಎಂದಲ್ಲ. ಕೀಟಕ್ಕೆ ಜಡವಾದ ದ್ರಾವಕ ಮನುಷ್ಯನ ಚರ್ಮಕ್ಕೂ ಕಣ್ಣಿಗೂ ಅಪಾಯ ಮಾಡಬಹುದು, ಬೆಂಕಿಯನ್ನೂ ಹಿಡಿಯಬಹುದು. ಚೀಟಿಯ ಮೇಲಿನ ಬಣ್ಣದ ಗುರುತನ್ನು ಮನೆಯವರೆಲ್ಲ ತಿಳಿದಿರಬೇಕು. ಕೆಂಪು ಅತ್ಯಂತ ವಿಷಕಾರಿ; ಆಮೇಲೆ ಹಳದಿ, ನೀಲಿ, ಹಸಿರು ಎಂದು ವಿಷದ ತೀವ್ರತೆ ಇಳಿಯುತ್ತದೆ. ಹಸಿರು ಎಂದರೂ ವಿಷವೇ.

ಲಿಂಬೆಯ ತೋಟದಿಂದ ಕಬ್ಬಿನ ಗದ್ದೆಗೆ ಬರೋಣ. ಇಂಡಿ, ಸಿಂದಗಿಯ ಭೀಮಾ ತೀರದಲ್ಲಿ ಬೆಳೆಯುವ ಕಬ್ಬು ಸಕ್ಕರೆ ಕಾರ್ಖಾನೆಗೆ ಹೋದ ಮೇಲೆ ರಸದಲ್ಲಿ ಸಕ್ಕರೆ ಎಷ್ಟಿದೆ ಎಂದು ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಾರೆ. ಅಲ್ಲಿರುವ ಪೋಲಾರಿಮೀಟರ್ ಎಂಬ ಉಪಕರಣದಲ್ಲಿ ಒಂದು ಗಾಜಿನ ನಳಿಗೆ, ಅದರೊಳಗೆ ತಿಳಿಗೊಳಿಸಿದ ರಸ. ಒಂದೇ ತಲದಲ್ಲಿ ಕಂಪಿಸುವಂತೆ ಸೋಸಿದ ಬೆಳಕನ್ನು ಅದರ ಮೂಲಕ ಕಳಿಸಿದರೆ ಆ ತಲ ಬಲಕ್ಕೆ ತಿರುಗುತ್ತದೆ. ಸಕ್ಕರೆ ಹೆಚ್ಚಿದಷ್ಟೂ ತಿರುವು ಹೆಚ್ಚು. ಸಕ್ಕರೆ ‘ಆಪ್ಟಿಕಲಿ ಆ್ಯಕ್ಟಿವ್’. ಉಪ್ಪಿನ ನೀರು ಹಾಕಿದರೆ ತಿರುವು ಇಲ್ಲ, ಅದು ಇನ್ಆ್ಯಕ್ಟಿವ್.

ನಳಿಗೆಯಲ್ಲಿ ಕುದಿತವಿಲ್ಲ, ಗುಳ್ಳೆಯಿಲ್ಲ, ಬಣ್ಣ ಬದಲಾಗುವುದಿಲ್ಲ. ನೋಡುವ ಕಣ್ಣಿಗೆ ಸಕ್ಕರೆ ನೀರೂ ಉಪ್ಪು ನೀರೂ ಒಂದೇ. ಸರಿಯಾದ ಬೆಳಕು ಹಾಯಿಸಿದಾಗ ಮಾತ್ರ ಒಂದು ತನ್ನ ಗುಣ ತೋರಿಸುತ್ತದೆ. 1848ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಇದರಲ್ಲಿ ಇನ್ನೊಂದು ಸೋಜಿಗ ಕಂಡರು. ಬೆಳಕನ್ನು ತಿರುಗಿಸದ ಒಂದು ಲವಣದ ಹರಳುಗಳನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿ ಆರಿಸಿದಾಗ ಅವು ಎಡಗೈ ಬಲಗೈಗಳಂತೆ ಎರಡು ಬಗೆಯವಾಗಿದ್ದವು. ಬೇರೆ ಬೇರೆಯಾಗಿ ಕರಗಿಸಿದರೆ ಒಂದು ಬಲಕ್ಕೆ, ಇನ್ನೊಂದು ಎಡಕ್ಕೆ ಬೆಳಕನ್ನು ತಿರುಗಿಸಿತು. ಸಮವಾಗಿ ಕೂಡಿದಾಗ ಒಂದರ ತಿರುವನ್ನು ಇನ್ನೊಂದು ಅಳಿಸಿಬಿಡುತ್ತಿತ್ತು. ಇನ್ಆ್ಯಕ್ಟಿವ್ ಎಂದಾಗಲೆಲ್ಲ ಒಳಗೆ ಏನೂ ಇಲ್ಲವೆಂದು ತಿಳಿಯಬಾರದು.

ಕಾಲದ ಅಳತೆಯೂ ಈ ಪದದ ಅರ್ಥ ಬದಲಿಸುತ್ತದೆ. ಇಂಡಿ, ಸಿಂದಗಿ, ಬಾಗೇವಾಡಿಯ ಕರಿನೆಲದ ಕೆಳಗಿರುವ ಕಪ್ಪು ಬಂಡೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಮುದ್ದೇಬಿಹಾಳದ ಕಡೆ ಹೋದಂತೆ ಅದರ ಅಂಚು ಸಿಗುತ್ತದೆ. ಹಿಂದೆ ಆ ತಾಲ್ಲೂಕಿನಲ್ಲಿದ್ದ ತಾಳಿಕೋಟೆಯ ಸುತ್ತ ಸುಣ್ಣಕಲ್ಲು ಕಾಣುತ್ತದೆ. ಆ ಲಾವಾ ಉಕ್ಕಿಸಿದ ಬಾಯಿಗಳು ಎಂದೋ ಮುಚ್ಚಿವೆ. ಭಾರತದಲ್ಲಿ ‘ಆ್ಯಕ್ಟಿವ್’ ಎನಿಸಿಕೊಳ್ಳುವ ಜ್ವಾಲಾಮುಖಿ ಅಂಡಮಾನಿನ ಬ್ಯಾರನ್ ದ್ವೀಪದ್ದು. ಅದು ಒಂದು ಶತಮಾನಕ್ಕೂ ಹೆಚ್ಚು ಕಾಲ ಸುಮ್ಮನಿದ್ದು 1991ರಲ್ಲಿ ಮತ್ತೆ ಉಗುಳಿತು. ಭೂವಿಜ್ಞಾನಿಗಳು ಸಾಮಾನ್ಯವಾಗಿ ಕಳೆದ ಸುಮಾರು 10,000 ವರ್ಷಗಳಲ್ಲಿ ಒಮ್ಮೆಯಾದರೂ ಉಕ್ಕಿದ್ದನ್ನು ಆ್ಯಕ್ಟಿವ್ ಎನ್ನುತ್ತಾರೆ. ನೂರು ವರ್ಷ ಬಾಯಿ ಬಿಡದವನೂ ಅಲ್ಲಿ ಆ್ಯಕ್ಟಿವ್! ವಿರುದ್ಧ ಪದ ‘ಎಕ್ಸ್‌ಟಿಂಕ್ಟ್’, ನಂದಿಹೋದದ್ದು.

ಈಗ ಆರೋಗ್ಯದ ಮಾತು. ಅರ್ಥ ತಪ್ಪಿದರೆ ಬೆಲೆ ತೆರಬೇಕಾದ ಜಾಗ ಇದು. ಕ್ಷಯದಲ್ಲಿ ‘ಆ್ಯಕ್ಟಿವ್’ ಎಂಬುದರ ಎದುರು ‘ಲೇಟೆಂಟ್’, ಸುಪ್ತ. ಸುಪ್ತವಾಗಿದ್ದಾಗ ರೋಗಾಣು ದೇಹದಲ್ಲಿದ್ದರೂ ಇನ್ನೊಬ್ಬರಿಗೆ ಹರಡುವುದಿಲ್ಲ. ಶ್ವಾಸಕೋಶದಲ್ಲಿ ಎಚ್ಚೆತ್ತರೆ ಕೆಮ್ಮಿನೊಂದಿಗೆ ಹರಡುತ್ತದೆ. ಎರಡು ವಾರ ಮೀರಿದ ಕೆಮ್ಮಿಗೆ ಕಫದ ಪರೀಕ್ಷೆ ಬೇಕೆನ್ನುವುದು ಇದಕ್ಕೇ.

ರೋಗನಿರೋಧಕ ಶಕ್ತಿಯಲ್ಲಿ ಎದುರಾಳಿ ಮತ್ತೆ ‘ಪ್ಯಾಸಿವ್’. ಲಸಿಕೆ ಹಾಕಿದಾಗ ದೇಹ ತಾನೇ ಪ್ರತಿಕಾಯಗಳನ್ನು ತಯಾರಿಸುತ್ತದೆ, ಅದು ಆ್ಯಕ್ಟಿವ್. ಬೇರೆಡೆ ತಯಾರಾದ ಪ್ರತಿಕಾಯಗಳನ್ನೇ ಚುಚ್ಚಿದರೆ ಅದು ಪ್ಯಾಸಿವ್. ಮೊದಲನೆಯದು ಹೊಲ ಉಳುವುದನ್ನು ಕಲಿತಂತೆ. ಎರಡನೆಯದು ನೆರೆಮನೆಯಿಂದ ಎರವಲು ಜೋಳ ತಂದಂತೆ. ಕಲಿಯಲು ದಿನ ಹಿಡಿಯುತ್ತದೆ, ಆದರೆ ಬಹುಕಾಲ ಉಳಿಯುತ್ತದೆ. ಎರವಲು ಕೂಡಲೇ ಒದಗುತ್ತದೆ, ಬೇಗ ತೀರುತ್ತದೆ. ನಾಯಿ ಕಚ್ಚಿ ಆಳವಾದ ಗಾಯವಾದರೆ ಎರಡೂ ಬೇಕು. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋದಾಗ ವೈದ್ಯರು ಗಾಯದ ಸುತ್ತ ಸಿದ್ಧ ಪ್ರತಿಕಾಯ ಚುಚ್ಚುತ್ತಾರೆ, ತೋಳಿಗೆ ಲಸಿಕೆಯನ್ನೂ ಕೊಡುತ್ತಾರೆ. ಲಸಿಕೆಯ ಫಲ ಕಾಣಲು ವಾರವಾದರೂ ಬೇಕು. ಆ ವಾರವನ್ನು ಕಾಯುವುದು ಎರವಲು. ‘ಒಂದು ಸೂಜಿ ಆಯ್ತಲ್ಲ, ಸಾಕ್ ಬಿಡ್ರಿ’ ಎಂದು ಉಳಿದ ಸರದಿ ತಪ್ಪಿಸುವವರಿಗೆ ಈ ವ್ಯತ್ಯಾಸ ತಿಳಿಹೇಳಬೇಕು. ರೇಬಿಸ್ ಒಮ್ಮೆ ತಲೆದೋರಿದರೆ ಬದುಕುಳಿಯುವ ಆಸೆ ಇಲ್ಲವೆಂದೇ ಹೇಳಬೇಕು.

ಹಾವಿನ ವಿಷಕ್ಕೆ ಕೊಡುವ ಔಷಧವೂ ಎರವಲೇ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳ ವಿಷವನ್ನು ಅತಿ ಕಡಿಮೆ ಪ್ರಮಾಣದಲ್ಲಿ ಕುದುರೆಗೆ ಚುಚ್ಚುತ್ತ ಹೋಗಿ, ಅದರ ರಕ್ತದಲ್ಲಿ ಉಂಟಾದ ಪ್ರತಿಕಾಯಗಳಿಂದ ಅದನ್ನು ತಯಾರಿಸುತ್ತಾರೆ. ಅವೇ ಪ್ರತಿಕಾಯಗಳು ಕುದುರೆಯ ಮೈಯಲ್ಲಿದ್ದಾಗ ಆ್ಯಕ್ಟಿವ್, ರೈತನ ಮೈಗೆ ಬಂದಾಗ ಪ್ಯಾಸಿವ್!

ಇಷ್ಟೆಲ್ಲ ವೇಷಗಳಿಗೆ ಕನ್ನಡ ಒಂದೇ ಪದ ಇಟ್ಟುಕೊಂಡಿಲ್ಲ. ವ್ಯಾಕರಣಕ್ಕೆ ಕರ್ತರಿ, ಜ್ವಾಲಾಮುಖಿಗೆ ಜೀವಂತ, ಪ್ರಕರಣಕ್ಕೆ ಸಕ್ರಿಯ, ಲೋಹಕ್ಕೆ ಕ್ರಿಯಾಶೀಲ, ರೇಡಿಯಂನಂಥ ಧಾತುವಿಗೆ ವಿಕಿರಣಶೀಲ. ಮುಂಗಾರಿಗಂತೂ ಚುರುಕು. ಹವಾಮಾನ ಇಲಾಖೆಯವರು ಮುಂಗಾರನ್ನು ಆ್ಯಕ್ಟಿವ್ ಎನ್ನುವುದಕ್ಕೆ ಮಳೆ ಆ ದಿನದ ವಾಡಿಕೆಯ ಒಂದೂವರೆ ಪಟ್ಟಿನಿಂದ ನಾಲ್ಕು ಪಟ್ಟಿನವರೆಗೆ ಇರಬೇಕು. ನಮ್ಮ ಪತ್ರಿಕೆಗಳು ಅದನ್ನು ‘ಮುಂಗಾರು ಚುರುಕು’ ಎಂದು ಎರಡೇ ಪದಗಳಲ್ಲಿ ಮುಗಿಸುತ್ತವೆ. ಕನ್ನಡ ಮಾಧ್ಯಮದ ಹುಡುಗ ಹುಡುಗಿಯರು ಈ ಭೇದಗಳನ್ನೆಲ್ಲ ಈಗಾಗಲೇ ಬಲ್ಲರು. ಇಂಗ್ಲಿಷಿನಲ್ಲಿ ಅವೆಲ್ಲ ಒಂದೇ ಅಂಗಿ ತೊಟ್ಟು ಬಂದಾಗ ಗಾಬರಿಯಾಗುತ್ತದೆ, ಅಷ್ಟೇ. ಅದು ದಡ್ಡತನವಲ್ಲ.

ಕೊನೆಯದಾಗಿ ಪಾಲಕರಿಗೆ ಒಂದು ಮಾತು. ‘ನಮ್ಮ ಹುಡುಗ ಭಾಳ ಆ್ಯಕ್ಟಿವ್ ಅದಾನ್ರಿ ಸರ್, ಹುಡುಗಿ ಮಾತ್ರ ಸ್ವಲ್ಪ ಡಲ್’ ಎಂದು ಮಕ್ಕಳೆದುರಿಗೇ ಹೇಳುವವರು ಎಲ್ಲ ಶಾಲೆಗಳಲ್ಲೂ ಸಿಗುತ್ತಾರೆ. ಇಲ್ಲಿಯೂ ಅದೇ ಪ್ರಶ್ನೆ ಕೇಳಬೇಕು: ವಿರುದ್ಧ ಪದ ಯಾವುದು? ಓಡಾಡುವ, ಮಾತಾಡುವ ಮಗುವಿನ ಎದುರಿಗೆ ನಿಲ್ಲುವುದು ಸುಮ್ಮನೆ ಕೂತು ನೋಡುವ ಮಗು, ದಡ್ಡ ಮಗುವಲ್ಲ. ಸಕ್ಕರೆ ನೀರನ್ನು ಬರಿಗಣ್ಣಿನಿಂದ ಅಳೆಯಲಾಗದು. ಹಾಗೆ ಸುಮ್ಮನಿರುವ ಮಗುವಿಗೂ ಅದರ ಬೆಳಕು ಬೇಕು: ಒಂದು ಪುಸ್ತಕ, ಒಂದು ಬಣ್ಣದ ಡಬ್ಬಿ, ಕೆಟ್ಟುನಿಂತ ಒಂದು ರೇಡಿಯೋ, ಅಥವಾ ಕೇಳಿಸಿಕೊಳ್ಳುವ ಒಬ್ಬ ಹಿರಿಯ. ಎಲ್ಲಿ ತಿರುವು ಕಾಣುತ್ತದೆಂದು ಹುಡುಕುವುದು ದೊಡ್ಡವರ ಕೆಲಸ.

ವಿದ್ಯಾರ್ಥಿಗಳು ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಲಿ. ಮೊದಲನೆಯದರಲ್ಲಿ ಆ್ಯಕ್ಟಿವ್ ಪದ ಕಂಡ ಜಾಗ, ಎರಡನೆಯದರಲ್ಲಿ ಅಲ್ಲಿಯ ವಿರುದ್ಧ ಪದ, ಮೂರನೆಯದರಲ್ಲಿ ತಕ್ಕ ಕನ್ನಡ ಪದ. ಮೊಬೈಲಿನ ಸಿಮ್, ಬ್ಯಾಂಕಿನ ಖಾತೆ, ಇವೆರಡರಿಂದ ಶುರು ಮಾಡಬಹುದು. ಒಂದು ವಾರದಲ್ಲಿ ಹತ್ತು ಸಾಲು ತುಂಬುವುದು ಕಷ್ಟವಲ್ಲ. ಎರಡನೆಯ ಕಾಲಂ ಖಾಲಿ ಉಳಿದ ಕಡೆ ಅರ್ಥ ಇನ್ನೂ ಪೂರ್ತಿ ತಿಳಿದಿಲ್ಲವೆಂದೇ ಲೆಕ್ಕ. ಆ ಸಾಲನ್ನು ತರಗತಿಗೆ ಒಯ್ದು ಗುರುಗಳನ್ನು ಕೇಳಲಿ.